ಮೂರು ಉದ್ದದ ಹಾರ್ನ್

ಮಂಗಳೂರಿನ ನಮ್ಮ ಪತ್ರಿಕೆಯಲ್ಲಿ ಕೆಲವು ವರ್ಷ ನಾನೊಂದು ಅಂಕಣ ನೋಡಿಕೊಂಡಿದ್ದೆ. ಬೆಳಿಗ್ಗೆ ಹೊರಟು ಅದೇ ದಿನ ಮನೆಗೆ ಮರಳಬಹುದಾದ ಜಾಗಗಳ ಬಗ್ಗೆ ಅದರಲ್ಲಿ ಬರೆಯುತ್ತಿದ್ದೆ. ಕಡಲತೀರ, ದೀಪಸ್ತಂಭ, ಹಿನ್ನೀರಿನ ದೋಣಿ ಎಲ್ಲ ಮುಗಿದ ಮೇಲೆ ಘಾಟಿ ಹತ್ತುವುದೊಂದೇ ಉಳಿದಿತ್ತು. ಮೂಡಿಗೆರೆ ಕಡೆ ಕಾಫಿ ತೋಟಗಳ ನಡುವೆ ಎದ್ದಿರುವ ಒಂದು ಬೋಳು ಗುಡ್ಡದ ಬಗ್ಗೆ ಬರೆದೆ. ಅದರ ಹೆಸರನ್ನು ಇಲ್ಲಿ ಕೊಡುವುದಿಲ್ಲ.

ಪುಟ ಕಟ್ಟುವಾಗ ಆ ಲೇಖನ ನಾಲ್ಕು ಸಾಲು ಕಡಿಮೆ ಬಿತ್ತು. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಹೇಳಿದ್ದ ಸಂಗತಿಯೊಂದನ್ನು ಸೇರಿಸಿದೆ. ತೋಟದ ತಗ್ಗುಗಳಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಕಾಡಾನೆ ತೋಟಕ್ಕೆ ಇಳಿದಿದೆ ಎಂದು ಗೊತ್ತಾದರೆ ಜೀಪಿನವರು ಟಾರು ರಸ್ತೆಯ ಮೇಲೆ ನಿಂತು ಮೂರು ಸಲ ಉದ್ದಕ್ಕೆ ಹಾರ್ನ್ ಹೊಡೆಯುತ್ತಾರೆ. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ರಸ್ತೆಗೆ ಹತ್ತಿಬಿಡಬೇಕು. ಓದುಗರಿಗೆ ಆ ನಾಲ್ಕು ಸಾಲೇ ಹೆಚ್ಚು ಹಿಡಿಸಿತು.

ಮರುವರ್ಷ ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ, ಒಂದು ಭಾನುವಾರ, ನಮ್ಮ ಛಾಯಾಗ್ರಾಹಕನ ಜೊತೆ ಮತ್ತೆ ಅಲ್ಲಿಗೆ ಹೋದೆ. ಕಾರನ್ನು ಕೆಳಗಿನ ಕೂಡುರಸ್ತೆಯಲ್ಲಿ ಬಿಟ್ಟು ಬಾಡಿಗೆ ಜೀಪು ಹತ್ತಿದೆವು. ಓಡಿಸುತ್ತಿದ್ದವನು ಮೂವತ್ತರ ಆಸುಪಾಸಿನ ಸ್ಥಳೀಯ. ವಾರದ ಆರು ದಿನ ಎಸ್ಟೇಟಿನ ಜೀಪು, ಭಾನುವಾರ ಪ್ರವಾಸಿಗರದ್ದು. ಕೂಲಿಯವರು ಇರುವ ಲೈನ್‌ಮನೆಗಳ ಸಾಲಿನಲ್ಲೇ ಅವನ ಮನೆ. ಹೆಂಡತಿ ಅದೇ ತೋಟದಲ್ಲಿ ಹಣ್ಣು ಕೊಯ್ಯುತ್ತಾಳೆ.

ಅರ್ಧ ದಾರಿಯಲ್ಲಿ ಮುಂದಿನ ಕಾರೊಂದು ಉದ್ದಕ್ಕೆ ಹಾರ್ನ್ ಹೊಡೆಯಿತು. ಒಂದು, ಎರಡು, ಮೂರು. ಒಳಗಿದ್ದವರು ನಕ್ಕರು.

"ಎಲ್ಲರಿಗೂ ಇದೊಂದು ಆಟ ಆಗಿದೆ ಸಾರ್," ಎಂದ ಡ್ರೈವರ್. "ಯಾವುದೋ ಪೇಪರಲ್ಲಿ ಬಂದಿತ್ತಂತೆ. ಆಮೇಲೆ ಬಂದವ್ರೆಲ್ಲ ಹೊಡೆದು ವಿಡಿಯೋ ಮಾಡ್ತಾರೆ."

ಛಾಯಾಗ್ರಾಹಕ ನನ್ನ ಮುಖ ನೋಡಿದ. ನಾನು ಹೊರಗೆ ನೋಡುತ್ತಿದ್ದೆ.

ಗುಡ್ಡದ ಮೇಲೆ ಮಂಜು ಕವಿದು ಕಾಣುವಂಥದ್ದೇನೂ ಇರಲಿಲ್ಲ. ಜನ ಮಾತ್ರ ಇದ್ದರು. ಸಿಗ್ನಲ್ ಸಿಗುವ ಜಾಗ ಅದೊಂದೇ ಆದ್ದರಿಂದ ಎಲ್ಲರ ಫೋನುಗಳೂ ಒಟ್ಟಿಗೆ ಸದ್ದು ಮಾಡುತ್ತಿದ್ದವು. ಡ್ರೈವರನ ಫೋನಿಗೂ ಸಂದೇಶ ಬಂತು. ಆನೆಗಳ ಸುದ್ದಿ ಹಂಚಿಕೊಳ್ಳಲು ಊರಿನವರು ಮಾಡಿಕೊಂಡ ಗುಂಪು ಅದು. ಅವನು ಎರಡು ಸಲ ಓದಿ ನಮ್ಮ ಹತ್ತಿರ ಬಂದ.

"ಹೋಗುವ ಸಾರ್. ಒಂಟಿ ಸಲಗ ನಾಲ್ಕನೇ ಬ್ಲಾಕಿಗೆ ಇಳಿದಿದೆಯಂತೆ. ತೋಡಿನ ನೀರಿನ ಹತ್ರ."

"ಇವತ್ತು ಆಳುಗಳಿಗೆ ರಜೆ ಅಲ್ವಾ?"

"ರಜೆ. ನಮ್ಮನೆಯವಳು ಸಾಮಾನು ತರ್ಲಿಕ್ಕೆ ಪೇಟೆಗೆ ಹೋಗಿದ್ದಾಳೆ. ಮೂರೂವರೆ ಬಸ್ಸಿಗೆ ಕೆಳಗೆ ಇಳಿದು ಆ ತೋಡು ದಾಟಿಯೇ ಮೇಲೆ ಬರೋದು."

ಆಗ ಮೂರು ಗಂಟೆ ಇಪ್ಪತ್ತೈದು ನಿಮಿಷ. ಅವಳ ನಂಬರಿಗೆ ಮೂರು ಸಲ ಫೋನ್ ಮಾಡಿದ. ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂಬ ಉತ್ತರ ನನಗೂ ಕೇಳಿಸಿತು.

ಗುಡ್ಡ ಇಳಿಯುತ್ತ ಎರಡನೇ ತಿರುವಿನಲ್ಲಿ ಜೀಪು ನಿಂತಿತು. ಹತ್ತುತ್ತಿದ್ದ ಮಿನಿ ಬಸ್ಸಿಗೂ ಇಳಿಯುತ್ತಿದ್ದ ಕಾರುಗಳಿಗೂ ರಸ್ತೆ ಸಾಲದೆ ಎರಡೂ ಕಡೆ ಸಾಲು ಬೆಳೆದಿತ್ತು. ನಾಲ್ಕನೇ ಬ್ಲಾಕ್ ನಮ್ಮ ಕೆಳಗೇ ಇತ್ತು. ಸಿಲ್ವರ್ ಓಕ್ ಮರಗಳ ತುದಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅವನು ಹಾರ್ನಿನ ಮೇಲೆ ಅಂಗೈ ಇಟ್ಟು ಮೂರು ಸಲ ಉದ್ದಕ್ಕೆ ಒತ್ತಿದ.

ಹಿಂದಿನ ಕಾರು ಮೂರು ಸಲ ಹೊಡೆಯಿತು. ಅದರ ಹಿಂದಿನದು ಹೊಡೆಯಿತು. ಮೇಲಿನ ತಿರುವಿನಿಂದ ಇನ್ನೊಂದು. ಯಾರೋ ಚಪ್ಪಾಳೆ ತಟ್ಟಿದರು. ನನ್ನ ನಾಲ್ಕು ಸಾಲು ಗುಡ್ಡದ ಉದ್ದಕ್ಕೂ ಕೇಳಿಸುತ್ತಿತ್ತು.

ಅವನು ಕೈ ತೆಗೆದ. ಮತ್ತೆ ಒತ್ತಲಿಲ್ಲ.

ನಾನು ಇಳಿದು ಕಾರಿನಿಂದ ಕಾರಿಗೆ ಹೋದೆ. ಕೆಳಗೆ ಆನೆ ಇದೆ, ಹೆಂಗಸೊಬ್ಬಳು ಆ ಕಡೆಯಿಂದ ಬರುತ್ತಿದ್ದಾಳೆ, ಹಾರ್ನ್ ಹೊಡೆಯಬೇಡಿ, ಬದಿಗೆ ಸರಿಯಿರಿ ಎಂದು ಒಂದೇ ವಾಕ್ಯವನ್ನು ಹೇಳುತ್ತಾ ಹೋದೆ. ಕೆಲವರು ತಕ್ಷಣ ಸರಿದರು. ನಮ್ಮೂರಿನವನೇ ಒಬ್ಬ ಗಾಜು ಇಳಿಸಿ, "ಎಲ್ಲಿ ಮಾರ್ರೆ? ಇಲ್ಲಿಂದ ಕಾಣ್ತದಾ?" ಎಂದು ಕೇಳಿ, ಹಿಂದಿನ ಸೀಟಿನವರಿಗೆ ಕ್ಯಾಮೆರಾ ತೆಗೆಯಲು ಹೇಳಿದ. ಮಿನಿ ಬಸ್ಸು ಹಿಂದಕ್ಕೆ ಹೋಗಿ ದಾರಿ ಬಿಡಲು ಹನ್ನೊಂದು ನಿಮಿಷ ಬೇಕಾಯಿತು.

ಕಾಲುದಾರಿ ಟಾರು ರಸ್ತೆಗೆ ಕೂಡುವಲ್ಲಿ ಅವನು ಜೀಪು ನಿಲ್ಲಿಸಿ ಎಂಜಿನ್ ಆರಿಸಿದ. ಮೂರೂಮುಕ್ಕಾಲು ದಾಟಿತ್ತು. ಕೆಳಗೆ ಬಸ್ಸು ಬಂದು ಹೋಗಿರಬೇಕು. ಬಾಯಿಗೆ ಕೈ ಅಡ್ಡ ಹಿಡಿದು ಕೂಗು ಹಾಕಿದ. ಉತ್ತರ ಬರಲಿಲ್ಲ. ಇನ್ನೊಮ್ಮೆ ಹಾಕಿದ. ಕೆಳಗೆ, ದೂರ ಹೇಳಲಾಗದ ಕಡೆ, ಒಂದು ಕೊಂಬೆ ಮುರಿಯಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ದನದ ಹಟ್ಟಿಯಂಥ ಒಂದು ಬಿಸಿ ವಾಸನೆ ಗಾಳಿಯಲ್ಲಿ ಬಂದು ಹೋಯಿತು.

"ಒಳಗೆ ಹೋಗ್ತೇನೆ ಸಾರ್."

"ಬೇಡ ಮಾರಾಯ," ಎಂದು ಛಾಯಾಗ್ರಾಹಕ ಅವನ ತೋಳು ಹಿಡಿದ. ಅವನು ಬಿಡಿಸಿಕೊಂಡು ನಾಲ್ಕು ಹೆಜ್ಜೆ ಇಳಿದ.

ಅವನ ಹೆಂಡತಿ ಬಂದದ್ದು ಕಾಲುದಾರಿಯಿಂದಲ್ಲ. ನಮ್ಮಿಂದ ಸುಮಾರು ಐವತ್ತು ಅಡಿ ಆಚೆ, ಕಡಿದಾದ ದರೆಯನ್ನು ಏರಿ, ಗಿಡಗಳನ್ನು ಹಿಡಿದುಕೊಂಡು ರಸ್ತೆಗೆ ಹತ್ತಿದಳು. ಮೊಣಕೈ ತರಚಿತ್ತು. ಸಾಮಾನಿನ ಚೀಲ ಇರಲಿಲ್ಲ.

"ಹಾರ್ನ್ ಕೇಳ್ಲಿಲ್ವಾ?" ಅವನು ಕೇಳಿದ್ದು ಅದನ್ನೇ.

"ಕೇಳ್ತು. ಬೆಳಗ್ಗಿಂದ ಕೇಳ್ತಾನೇ ಇದೆ. ಭಾನುವಾರ ಅಲ್ವಾ."

"ನಾನು ಹೊಡ್ದಿದ್ದು ಮಾರಾಯ್ತಿ."

"ನೀವು ಹೊಡ್ದಿದ್ದು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ತೋಡಿನ ದಂಡೆಯಲ್ಲಿ ಲದ್ದಿ ನೋಡಿದಳಂತೆ. ಇನ್ನೂ ಹಬೆ ಆಡುತ್ತಿತ್ತಂತೆ. ಚೀಲ ಅಲ್ಲೇ ಬಿಟ್ಟು, ದಾರಿ ಬಿಟ್ಟು, ನೇರ ಮೇಲಕ್ಕೆ ಹತ್ತಿದ್ದಳು. ಹಾರ್ನುಗಳ ಗಲಾಟೆ ಜೋರಾದಾಗ ಅವಳ ಬಲಗಡೆ ಎಲ್ಲೋ ಗಿಡಗಳು ಅಲುಗಿದವು. ಸದ್ದಿನಿಂದ ದೂರ ಹೋಗಲು ಆನೆ ಕೆಳಮುಖವಾಗಿ ನಡೆದಿತ್ತು. ಅವಳು ಆ ದಾರಿಯಲ್ಲೇ ಬಂದಿದ್ದರೆ ಎದುರಾಗುತ್ತಿತ್ತು. ಇದನ್ನೆಲ್ಲ ರಸ್ತೆಯ ಅಂಚಿನಲ್ಲಿ ಕೂತು, ದನಿ ಏರಿಸದೆ ಹೇಳಿದಳು. ಅವನು ಪಕ್ಕದಲ್ಲಿ ನಿಂತು ಕೆಳಗಿನ ತೋಟವನ್ನೇ ನೋಡುತ್ತಿದ್ದ. ನಮ್ಮನ್ನು ದಾಟಿ ಗುಡ್ಡದ ಕಡೆ ಹೋದ ಮೂರು ಕಾರುಗಳಲ್ಲಿ ಒಂದು ಹಾರ್ನ್ ಹೊಡೆಯಿತು. ಅವಳು ತಲೆ ಎತ್ತಲಿಲ್ಲ. ಅವನೂ ಎತ್ತಲಿಲ್ಲ.

ಸೋಮವಾರ ಡೆಸ್ಕಿನಲ್ಲಿ ನಡೆದದ್ದನ್ನು ಹೇಳಿದೆ. ಯಾರಿಗಾದರೂ ಏನಾದರೂ ಆಯಿತೇ ಎಂದು ಕೇಳಿದರು. ಇಲ್ಲ ಎಂದೆ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಆ ನಾಲ್ಕು ಸಾಲನ್ನು ನಮ್ಮ ಜಾಲತಾಣದಿಂದ ತೆಗೆಸಿದೆ. ಅಷ್ಟರಲ್ಲಿ ಅವು ಬೇರೆಯವರ ವಿಡಿಯೋಗಳಿಗೆ ಹೋಗಿ ಸೇರಿದ್ದವು. ಅಂಕಣವನ್ನು ಬೇರೊಬ್ಬರಿಗೆ ವಹಿಸಿದೆ.

ಕೊಯ್ಲು ಮುಗಿದ ಮೇಲೆ ಡ್ರೈವರನಿಗೆ ಫೋನ್ ಮಾಡಿ, ಆ ಪೇಪರಿನಲ್ಲಿ ಬರೆದವನು ನಾನೇ ಎಂದೆ.

"ಗೊತ್ತು ಸಾರ್. ಅವತ್ತೇ ನಿಮ್ಮ ಫೋಟೋದವ್ರು ಹೇಳಿದ್ರು."

ಬೈಯಬಹುದೆಂದು ಕಾದೆ. ಅವನು ಬೈಯಲಿಲ್ಲ. ಈಗ ತೋಟದಲ್ಲಿ ಹಾರ್ನ್ ಬಿಟ್ಟಿದ್ದಾರೆ, ಬೇರೆ ಒಂದು ಕ್ರಮ ಮಾಡಿಕೊಂಡಿದ್ದಾರೆ ಎಂದ. ಸಲಗ ಇನ್ನೂ ಅಲ್ಲೇ ಸುತ್ತಮುತ್ತ ಇದೆ. ಅವನ ಹೆಂಡತಿ ಈಗಲೂ ಭಾನುವಾರ ಅದೇ ತೋಡು ದಾಟುತ್ತಾಳೆ, ಟಾರು ರಸ್ತೆಯಲ್ಲಿ ಸುತ್ತಿ ಬರಬೇಕಾದರೆ ಐದು ಕಿಲೋಮೀಟರ್.

"ಹೊಸ ಕ್ರಮ ಏನು?" ಎಂದು ಕೇಳಿದೆ. ವೃತ್ತಿಯ ಅಭ್ಯಾಸ, ಯೋಚಿಸುವ ಮೊದಲೇ ಬಾಯಿಗೆ ಬಂತು.



"ಅದು ಬೇಡ ಸಾರ್," ಎಂದ. "ನೀವು ಬರೀದೆ ಇದ್ರೂ ಬೇಡ."