ಹೂರಣ ಮುಗಿಯುವ ತನಕ

ಚೆಟ್ಟಳ್ಳಿ ಸುತ್ತಿನ ಎಸ್ಟೇಟುಗಳಲ್ಲಿ ಯಾರ ಮನೆಯ ಶುಭಕಾರ್ಯವಾದರೂ ಒಬ್ಬಟ್ಟಿಗೆ ವನಜಮ್ಮನೇ ಆಗಬೇಕು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಒಕ್ಕಲು ಮನೆಯ ಮಗಳು ಅವಳು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೆಂಪಣ್ಣನ ಕೈಹಿಡಿದು ತೋಟದ ಕ್ವಾರ್ಟರ್ಸಿಗೆ ಬಂದಳು. ಬಾಳೆಲೆಯ ಮೇಲೆ ಅವಳು ತಟ್ಟಿದ ಒಬ್ಬಟ್ಟು ಅಂಚಿನವರೆಗೂ ಹೂರಣ ತುಂಬಿಕೊಂಡು, ಎಲ್ಲೂ ಬಾಯಿ ಬಿಡದೆ ಹಂಚಿನ ಮೇಲೆ ಬೇಯುತ್ತಿತ್ತು. ಹೆಂಡತಿಯ ಕೈರುಚಿಯೆಂದರೆ ಕೆಂಪಣ್ಣನಿಗೆ ಜಂಬ. ಕಿವಿ ಮಾತ್ರ ಪೂರಾ ಮಂದ. ಮಾತಾಡಿಸಬೇಕಾದರೆ ಭುಜ ಮುಟ್ಟಬೇಕು.

ಆ ತೋಟದಲ್ಲಿ ಹಲಸನ್ನು ಹಣ್ಣಾಗಲು ಬಿಡುವುದಿಲ್ಲ. ವಾಸನೆ ಹಿಡಿದು ಆನೆ ಬರುತ್ತದೆಂದು ಕಾಯಿ ಬಲಿಯುವ ಮೊದಲೇ ಕಡಿದು ಕೆಡವುತ್ತಾರೆ. ಆದರೆ ತೋಟದ ಯಜಮಾನ ಉತ್ತಯ್ಯನವರು ತಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಹಲಸಿನ ಹಣ್ಣಿನ ಒಬ್ಬಟ್ಟೇ ಬೇಕೆಂದರು. ವನಜಮ್ಮ ತವರಿನಿಂದ ಹಣ್ಣು ತರಿಸಿದಳು. ಕೂಲಿಯವರ ಲೈನ್ ಮನೆಯಿಂದ ಆಳು ದೊಡ್ಡಿ ಬಂದು ತೊಳೆ ಬಿಡಿಸಿಕೊಟ್ಟಳು, ಸಿಪ್ಪೆಯನ್ನೆಲ್ಲ ಆಳವಾಗಿ ಹೂತುಬಿಡೋಣ ಅಂದಳು. ವನಜಮ್ಮನಿಗೆ ಮನಸ್ಸು ಬರಲಿಲ್ಲ. ದನ ಕಟ್ಟಿದ ಮನೆಯಲ್ಲಿ ಬೆಳೆದವಳಿಗೆ ಹಲಸಿನ ಸಿಪ್ಪೆ ಮಣ್ಣಿಗೆ ಹಾಕುವುದೆಂದರೆ ಅನ್ನ ಚೆಲ್ಲಿದಂತೆ. ಬೆಳಿಗ್ಗೆ ಹಾಲಿನ ಗಂಗಮ್ಮನ ಹಸುವಿಗೆ ಕಳಿಸಿದರಾಯಿತೆಂದು ಹಿತ್ತಿಲ ಬಾಗಿಲ ಬಳಿ ರಾಶಿ ಹಾಕಿಸಿದಳು.

"ಗಂಗಮ್ಮನ ಹಸು ತಿನ್ನೋಕೆ ಮುಂಚೆ ಕಾಡಿನೋರು ತಿಂತಾರೆ, ನೋಡಿ ಅಮ್ಮ," ಅಂದಳು ದೊಡ್ಡಿ.

"ಸುಮ್ನಿರೇ, ಬಂದ್ರೆ ನಿನ್ನೇ ಬಡಿಸೋಕೆ ನಿಲ್ಲಿಸ್ತೀನಿ," ಎಂದು ವನಜಮ್ಮ ನಕ್ಕಳು.

ಮುಸ್ಸಂಜೆ ಹೂರಣ ಇಳಿಸಿ ಇಬ್ಬರೂ ಉಂಡೆ ಕಟ್ಟುತ್ತಿದ್ದರು. ದೊಡ್ಡಿಯನ್ನು ಕರೆದೊಯ್ಯಲು ಬಂದ ಗಂಡ ಮಲ್ಲ ಮುಂಬಾಗಿಲಲ್ಲಿ ಕೂತಿದ್ದ. ಇದ್ದಕ್ಕಿದ್ದಂತೆ ಅಡುಗೆಮನೆಯ ಕಿಟಕಿ ಕತ್ತಲಾಯಿತು. ಸರಳುಗಳಾಚೆ ಬೂದು ಬಣ್ಣದ ಮೈಯೊಂದು ಗೋಡೆಯ ಹಾಗೆ ನಿಂತಿತ್ತು. ಸಿಪ್ಪೆ ಜಗಿಯುವ ಸದ್ದು ಒಳಗೆ ಕೇಳುತ್ತಿತ್ತು.

ಕೆಂಪಣ್ಣ ಪೇಟೆಯಿಂದ ಬರುವ ಹೊತ್ತು ಅದು. ಬಸ್ಸಿಳಿದು ಕಾಫಿ ಗಿಡಗಳ ನಡುವಿನ ಕಾಲುದಾರಿ ಹಿಡಿದು ನೇರ ಹಿತ್ತಿಲ ಬಾಗಿಲಿಗೇ ಬರುತ್ತಾನೆ. ಕೂಗಿದರೂ ಕೇಳದು, ಫೋನ್ ಬಡಿದುಕೊಂಡರೂ ಕೇಳದು.

ಸದ್ದು ಕೇಳಿ ಮಲ್ಲ ಎದ್ದು ಒಳಬಂದ. ಜೀಪು ರಸ್ತೆಯಲ್ಲಿ ಸುತ್ತಿ ಓಡಿ ರೈಟರನ್ನು ಹಿಡಿಯುತ್ತೇನೆಂದು ಪಿಸುಗುಟ್ಟಿದ. "ಅಲ್ಲೀವರೆಗೂ ಇದು ಇಲ್ಲೇ ತಿಂತಾ ಇರ್ಲಿ ಅಮ್ಮ. ಖಾಲಿಯಾದ್ರೆ ಅದೇ ದಾರೀಲಿ ಇಳೀತದೆ."

ಅವನು ಹೋದ ಸ್ವಲ್ಪ ಹೊತ್ತಿಗೇ ಜಗಿಯುವ ಸದ್ದು ನಿಂತಿತು. ಸೊಂಡಿಲಿನ ತುದಿ ಸರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿತು. ಅದರ ಬಿಸಿಯುಸಿರು ವನಜಮ್ಮನ ಮುಖಕ್ಕೆ ಬಡಿಯಿತು. ಅವಳು ಹೂರಣದ ಉಂಡೆಯೊಂದನ್ನು ಸರಳಿನ ಸಂದಿಯಿಂದ ಹೊರಗೆ ನೂಕಿದಳು. ಮತ್ತೊಂದು. ಮಗದೊಂದು. ದೊಡ್ಡಿ ಉಂಡೆ ಕೊಡುತ್ತಿದ್ದಳು, ಇವಳು ನೂಕುತ್ತಿದ್ದಳು. ಬೇಗ ಕೊಟ್ಟರೆ ಬೇಗ ಮುಗಿಯುತ್ತದೆ. ತಡ ಮಾಡಿದರೆ ಸೊಂಡಿಲು ಸರಳನ್ನು ಹಿಡಿದು ಎಳೆಯುತ್ತದೆ.

ಪಾತ್ರೆಯ ತಳ ಕಂಡಿತು. ಕೆರೆದು ಕೆರೆದು ಹಾಕಿದಳು. ಕೊನೆಗೆ ಕಣಕವನ್ನೇ ಮುದ್ದೆ ಮಾಡಿ ನೂಕಿದಳು. ಆನೆ ಅದನ್ನು ಮೂಸಿ ಬಿಟ್ಟು, ಕಾಲುದಾರಿಯ ಕಡೆಗೇ ತಿರುಗಿತು.

ವನಜಮ್ಮ ಸರಳುಗಳಿಗೆ ಕಿವಿಯೊತ್ತಿದಳು. ಗಿಡ ಮುರಿಯುವ ಸದ್ದು ಇಳಿಜಾರಿನಲ್ಲಿ ದೂರವಾಗುತ್ತಿತ್ತು. ಮನುಷ್ಯರ ದನಿ ಬರುತ್ತದೇನೋ ಎಂದು ಉಸಿರು ಬಿಗಿಹಿಡಿದು ಕೇಳಿದಳು, ಬರದಿರಲಪ್ಪಾ ಎಂದು ಬೇಡಿದಳು.

ಎಷ್ಟು ಹೊತ್ತಾಯಿತೋ, ಮುಂಬಾಗಿಲ ಸದ್ದಾಯಿತು. ಕೆಂಪಣ್ಣ ಗೊಣಗುತ್ತ ಒಳಬಂದ. ಹಿಂದೆ ಮಲ್ಲ, ಇನ್ನೂ ಅವನ ತೋಳು ಬಿಟ್ಟಿರಲಿಲ್ಲ.

"ಕಳ್ಳನ್ನ ಹಿಡಿದಂಗೆ ಹಿಡ್ಕೊಂಡು ಸುತ್ತು ದಾರೀಲಿ ಎಳ್ಕೊಂಡು ಬಂದ. ತಲೆ ಕೆಟ್ಟಿದೆಯಾ ಇವನಿಗೆ?" ಅಂದವನು ಖಾಲಿ ಪಾತ್ರೆ ನೋಡಿದ. "ಹೂರಣ ಎಲ್ಲಿ?"

ಕೆಳಗೆ ಕಾಲುದಾರಿಯಲ್ಲಿ ಕೊಂಬೆಯೊಂದು ಲಟಕ್ಕೆಂದಿತು. ಮೂವರೂ ಬೆಚ್ಚಿದರು. ಕೆಂಪಣ್ಣ ಉತ್ತರಕ್ಕೆ ಕಾಯುತ್ತ ನಿಂತಿದ್ದ.

ಅವತ್ತಿನಿಂದ ಗಂಡ ಪೇಟೆಗೆ ಹೋದ ದಿನ ವನಜಮ್ಮನೇ ಬಸ್‌ಸ್ಟಾಪಿಗೆ ಹೋಗಿ ನಿಲ್ಲುತ್ತಾಳೆ. ಜೀಪು ರಸ್ತೆಯಲ್ಲಿ ಅವನ ಅಂಗಿ ಹಿಡಿದು ನಡೆಸುತ್ತಾಳೆ. ಎಲೆ ಅಲುಗಿದರೂ ನಿಲ್ಲುತ್ತಾಳೆ, ಅವನನ್ನೂ ನಿಲ್ಲಿಸುತ್ತಾಳೆ.