ಜೋಡಿ ಕುಣಿಕೆ

ಆ ಕುರ್ಚಿ ಬೇಡ ಧನ್ಯಾ, ಅದು ಗಿಡ್ಡಮ್ಮನದು. ಮಂಚದ ಮೇಲೆ ಕೂರು. ಬರೆದುಕೊಳ್ಳುತ್ತೇನೆ ಅಂದೆಯಲ್ಲ ಕಂದಾ, ಬರೆದುಕೋ; ನಡುವೆ ಅಜ್ಜಿ ದಾರಿ ತಪ್ಪಿದರೆ ಸೆರಗು ಹಿಡಿದು ಎಳೆ.

ಹೆಸರು ಗಿಡ್ಡಮ್ಮ, ಆಳು ಮಾತ್ರ ಸಿಲ್ವರ್ ಮರದ ಹಾಗೆ ನೆಟ್ಟಗೆ. ಕಳಸದ ಕಡೆಯವಳು. ಲಂಗ ಉಡುವ ವಯಸ್ಸಿಗೇ ಕೊಟ್ಟಿಗೆಹಾರದ ಹತ್ತಿರದ ಈ ಎಸ್ಟೇಟಿಗೆ ಕಾಫಿ ಹಣ್ಣು ಕುಯ್ಯಲು ಬಂದು, ತಲೆ ನರೆಯುವ ತನಕ ಕುಯ್ದಳು. ತೊಂಬತ್ತಾರೋ ತೊಂಬತ್ತೇಳೋ ಇಸವಿ, ಎಸ್ಟೇಟಿನ ದೊಡ್ಡಮ್ಮನವರು ಅರ್ಧ ತೋಟವನ್ನು ವಯಸ್ಸಾದವರ ವಸತಿಗೆಂದು ಬಿಟ್ಟುಕೊಟ್ಟರು. ಕೈಕಾಲು ಆಡುವವರಿಗೆ ಕೆಳಗೆ ಈ ಪುಟ್ಟ ಮನೆಗಳು, ಆಗದವರಿಗೆ ಗುಡ್ಡದ ಮೇಲಿನ ಹಳೇ ಬಂಗಲೆ. ನಮ್ಮಂಥವರು ದುಡ್ಡು ಕಟ್ಟಿ ಸೇರಿದೆವು. ತೋಟದ ಹಳೇ ಆಳುಗಳಿಗೆ ಆ ಪುಣ್ಯಾತ್ಗಿತ್ತಿ ಹಾಗೇ ಜಾಗ ಕೊಟ್ಟರು. ಗಿಡ್ಡಮ್ಮ ಮತ್ತು ಅವಳ ಜೊತೆಗಾತಿ ತಂಗಮ್ಮ ನನ್ನ ಪಕ್ಕದ ಮನೆಗೆ ಬಂದದ್ದು ಹಾಗೆ.

ಆ ಇಬ್ಬರದೂ ಒಂದು ಪದ್ಧತಿ ಇತ್ತು. ಮಂಜು ಕವಿದರೆ ತೋಟದಲ್ಲಿ ನಾಲ್ಕು ಗಿಡದಾಚೆ ಇರುವವರು ಕಾಣುವುದಿಲ್ಲ. ಕೂಗಿಕೊಂಡರೆ ಮೇಸ್ತ್ರಿ ಭೂತಯ್ಯ, "ಹಣ್ಣು ಕುಯ್ಯಕ್ ಬಂದಿದ್ದೋ, ಹರಟೆ ಕುಯ್ಯಕ್ಕೋ?" ಎಂದು ಗದರುತ್ತಿದ್ದ. (ಅವನ ಕೊಡೆಯದೇ ಒಂದು ಕಥೆಯಿದೆ, ಇರಲಿ.) ಅದಕ್ಕೇ ಮುಂದೆ ಹೋದವಳು ಹುಲ್ಲಿನ ಎಳೆ ಕಿತ್ತು ರೆಂಬೆಗೆ ಕಟ್ಟಿ ಹೋಗುತ್ತಿದ್ದಳು. ಒಂದೇ ಕುಣಿಕೆಯಾದರೆ ಮುಂದೆ ಕಡಜದ ಗೂಡಿದೆ, ಬರಬೇಡ. ಜೋಡಿ ಕುಣಿಕೆಯಾದರೆ ಏನೂ ಇಲ್ಲ, ಬಾ.

ಇಲ್ಲಿಗೆ ಬಂದ ಕೆಲವು ವರ್ಷಕ್ಕೆ ತಂಗಮ್ಮನಿಗೆ ಮರೆವು ಹತ್ತಿತು. ಕಾಫಿಗೆ ಉಪ್ಪು ಹಾಕಿದಳು, ಒಲೆ ಉರಿಸಿಟ್ಟು ತೋಟಕ್ಕೆ ಹೊರಟುಹೋದಳು. ಅವಳನ್ನು ಮೇಲಿನ ಬಂಗಲೆಗೆ ಕರೆದೊಯ್ದರು. ಗಿಡ್ಡಮ್ಮ ಒಮ್ಮೆ ನೋಡಿ ಬರಲು ಹೋದರೆ, "ಯಾರವ್ವ ನೀನು? ಹಣ್ಣು ತೂಕಕ್ಕೆ ಬಂದೋಳಾ?" ಎಂದು ಕೇಳಿದಳಂತೆ. ಗಿಡ್ಡಮ್ಮ ಮತ್ತೆ ಆ ಗುಡ್ಡ ಹತ್ತಲಿಲ್ಲ.

ನಮ್ಮೆಲ್ಲರ ಬಟ್ಟೆಯನ್ನೂ ಮೇಲೆಯೇ ಒಗೆದು, ಒಣಗಿಸಿ, ಚೀಲಕ್ಕೆ ತುಂಬಿ ಜೀಪಿನಲ್ಲಿ ಕಳಿಸುತ್ತಾರೆ. ತಂಗಮ್ಮ ಬಂಗಲೆ ಸೇರಿದ ಮೇಲೆ ಗಿಡ್ಡಮ್ಮನ ಚೀಲದ ಬಾಯಿಗೆ, ಅವಳದೊಂದಕ್ಕೇ, ಹುಲ್ಲಿನ ಕಟ್ಟು ಬರತೊಡಗಿತು. ಪ್ರತಿ ಸಲವೂ ಒಂದೇ ಕುಣಿಕೆ.

ಆ ಬೇಸಿಗೆಯಲ್ಲೇ ಗಿಡ್ಡಮ್ಮ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಮೂಳೆ ಕೂಡಿತು, ಬೆರಳು ಮಾತ್ರ ಮಡಚಲಿಲ್ಲ. ನರ್ಸ್ ಮೋನಿಕಾ ಬಂದು ಕೂತಳು. ಒಳ್ಳೇ ಹುಡುಗಿ.

"ಒಬ್ರೇ ಇರಕ್ಕಾಗಲ್ಲ ಅಜ್ಜಿ, ಮೇಲೆ ಬನ್ನಿ. ಇಲ್ದಿದ್ರೆ ಕಳಸಕ್ಕೆ, ನಿಮ್ಮಣ್ಣನ ಮಗನ ಮನೆಗೆ ಕಳಿಸ್ಬೇಕಾಗುತ್ತೆ."

"ಅವ್ನ ಮುಖಾನೇ ನಾನ್ ಕಂಡಿಲ್ಲ. ಅಲ್ಲಿಗೂ ಹೋಗಲ್ಲ, ಮೇಲಕ್ಕೂ ಬರಲ್ಲ. ತಂಗಮ್ಮ ಬರ್ಬೇಡ ಅಂದವ್ಳೆ."

"ಯಾವಾಗಂದ್ರು? ಅವ್ರಿಗೆ ಅವ್ರ ಹೆಸ್ರೇ ನೆನಪಿಲ್ಲ."

"ಬಾಯಿಗೆ ನೆನಪಿಲ್ಲ. ಕೈಗದೆ."

ಆಮೇಲೆ ದಿನಾ ಸಂಜೆ ಈ ಕುರ್ಚಿಯಲ್ಲಿ ಕೂತು ಬಂಗಲೆಯ ಕಡೆಗೇ ನೋಡುತ್ತಿದ್ದಳು. "ಅಲ್ಲೇನೋ ಅದೆ ಅಮ್ಮಾವ್ರೆ. ಏನಂತ ಹೇಳಕ್ಕೆ ಅವ್ಳಿಗೆ ಮಾತಿಲ್ಲ," ಅನ್ನುವಳು. ನಾನು ನಗುತ್ತಿದ್ದೆ. ಆದರೆ ಅವಳು ಎದ್ದುಹೋದ ಮೇಲೆ ಕಿಟಕಿ ಹಾಕಿಕೊಳ್ಳುತ್ತಿದ್ದೆ.

ಆಶ್ಲೇಷಾ ಮಳೆಯಲ್ಲಿ ತಂಗಮ್ಮ ತೀರಿಕೊಂಡಳು. ಹಳ್ಳದ ದಂಡೆಯಲ್ಲಿ ಟಾರ್ಪಾಲು ಹಿಡಿದು ಸುಟ್ಟರು. ಮುಂದಿನ ಚೀಲ ಬಾಯಿ ತೆರೆದುಕೊಂಡು ಬಂತು. ಕೈಗೆ ಕೆಲಸವಿರಲಿ ಎಂದು ಗಿಡ್ಡಮ್ಮನ ಚೀಲವನ್ನು ಬಾಯಿ ಕಟ್ಟಲು ತಂಗಮ್ಮನಿಗೆ ತಾನೇ ಕೊಡುತ್ತಿದ್ದುದಾಗಿ ಮೋನಿಕಾ ಆಗ ಹೇಳಿದಳು.

ಮಳೆ ನಿಂತ ಮೇಲೆ ಸುಣ್ಣ ಬಳಿಯಲೆಂದು ತಂಗಮ್ಮನ ಕೋಣೆಯ ಮುಚ್ಚಿಗೆಯ ಹಲಗೆ ತೆಗೆದರೆ, ಅವಳ ಮಂಚದ ನೇರ ಮೇಲೆ ಕೊಡದಷ್ಟು ದೊಡ್ಡ ಕಡಜದ ಗೂಡು! ಜೀಪ್ ಡ್ರೈವರ್ ಯೋಗೇಶ ಹೊಗೆ ಹಾಕಲು ಹೋಗಿ ಕೆನ್ನೆ ಊದಿಸಿಕೊಂಡು ಬಂದ.

"ಹೇಳಿದ್ಲಲ್ಲ," ಅಂದಳು ಗಿಡ್ಡಮ್ಮ.

"ಗೂಡು ತೆಗೆದ್ರಲ್ಲೇ, ಇನ್ನಾದ್ರೂ ಹೋಗು ಮಾರಾಯ್ತಿ," ಅಂದೆ ನಾನು.

"ಬಾ ಅಂತ ಇನ್ನೂ ಅಂದಿಲ್ವಲ್ಲ ಅಮ್ಮಾವ್ರೆ."

ಸತ್ತವಳು ಹೇಗೆ ಅಂದಾಳು ಎಂದುಕೊಂಡು ಕಾಫಿಗೆ ನೀರಿಟ್ಟೆ. ಅಷ್ಟರಲ್ಲಿ ಕಳಸದ ಆ ಅಣ್ಣನ ಮಗನಿಗೆ ಫೋನೂ ಹೋಗಿತ್ತು. ದೀಪಾವಳಿ ಕಳೆದು ಬಂದು ಕರೆದೊಯ್ಯುತ್ತೇನೆ ಅಂದಿದ್ದ.

ಅವನು ಬರಬೇಕಾದ ದಿನದ ಬೆಳಿಗ್ಗೆ ಕೈ ಚಾಚಿದರೆ ಕೈ ಕಾಣದಷ್ಟು ಮಂಜು. ಜೀಪು ಬಂತು. ಗಿಡ್ಡಮ್ಮನ ಚೀಲವನ್ನು ಜಗಲಿಯ ಮೇಲಿಟ್ಟ ಯೋಗೇಶ ಮುಟ್ಟಿದ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ. ಚೀಲದ ಬಾಯಿಗೆ ಹಸಿ ಹುಲ್ಲು, ಇಬ್ಬನಿ ತೊಟ್ಟಿಕ್ಕುತ್ತಿತ್ತು. ಜೋಡಿ ಕುಣಿಕೆ. ಈ ಕಣ್ಣಾರೆ ನೋಡಿದ್ದೇನೆ ಮಗಳೇ.

"ನಾನ್ ಕಟ್ಟಿಲ್ಲಪ್ಪ! ಬಾಯಿ ಬಿಟ್ಕೊಂಡೇ ಇತ್ತು. ಬಟ್ಟೆ ಬೀಳುತ್ತೆ ಅಂತ ಕಾಲಲ್ಲಿ ಒತ್ಕೊಂಡು ಬಂದಿದೀನಿ," ಅಂದ ಯೋಗೇಶ.

ಗಿಡ್ಡಮ್ಮ ಹುಲ್ಲನ್ನು ಮೂಸಿ ನೋಡಿ ನಕ್ಕಳು. "ಎಷ್ಟೊತ್ತು ಮಾಡಿದ್ಲು ನೋಡಿ, ಸೋಮಾರಿ!" ಒಗೆದ ಸೀರೆ ಉಟ್ಟು, ಎಲೆಯಡಿಕೆ ಹಾಕಿಕೊಂಡು, ಜೀಪು ಬೇಡವೆಂದು ಆ ಮಂಜಿನಲ್ಲೇ ಗುಡ್ಡ ಹತ್ತಿದಳು. ಮುಂದೆ ಯಾರೋ ಹೋಗುತ್ತಿರುವವರ ಜೊತೆ ಮಾತಾಡುವ ಹಾಗೆ ಅವಳ ದನಿ ಸ್ವಲ್ಪ ಹೊತ್ತು ಕೇಳುತ್ತಿತ್ತು.

ಅಲ್ಲಿ ಎರಡು ವರ್ಷ ಕಾಫಿ ಹೂವು ಬಿಡುವುದನ್ನು ನೋಡಿದಳು. ಸುಖವಾಗಿಯೇ ಇದ್ದಳು. ಕೊನೆಯ ಸಲ ನಾನು ಹೋದಾಗ ಕೈ ಹಿಡಿದುಕೊಂಡು, "ನಿಮ್ಗೂ ಕಟ್ತೀನಿ ಅಮ್ಮಾವ್ರೆ," ಅಂದಳು.

"ಬೆರಳೇ ಮಡಚಲ್ವಲ್ಲೇ ನಿಂಗೆ?"

"ಅಲ್ಲಿಗೋದ್ಮೇಲೆ ಮಡಚ್ತವೆ."

ಹೋದ ಮಾಘದಲ್ಲಿ ಹೋದಳು. ಈಗ ನನ್ನ ಮಂಡಿ ನೋಡಿ ಮೋನಿಕಾ ನನ್ನ ಹತ್ತಿರವೂ ಬೆಣ್ಣೆಯಂಥ ಮಾತಾಡುತ್ತಿದ್ದಾಳೆ. ಗಿಡ್ಡಮ್ಮ ಮಲಗಿದ್ದ ಮಂಚ ಖಾಲಿ ಇದೆಯಂತೆ. ನಿಮ್ಮಪ್ಪನೂ ಹೋಗು ಅನ್ನುತ್ತಾನೆ. ಇನ್ನೂ ಹೂಂ ಅಂದಿಲ್ಲ ನಾನು.

ಜೀಪು ಬಂದು ಹೋದ ಸದ್ದಾಯಿತಲ್ಲ? ಜಗಲಿಯ ಮೇಲೆ ನನ್ನ ಬಟ್ಟೆ ಚೀಲ ಇರುತ್ತದೆ, ಹೋಗು ಕಂದಾ. ಬಿಚ್ಚಬೇಡ. ಬಾಯಿಗೆ ಹುಲ್ಲೇನಾದರೂ ಕಟ್ಟಿದ್ದರೆ, ಎಷ್ಟು ಕುಣಿಕೆ ಅಂತ ಅಲ್ಲಿಂದಲೇ ಕೂಗಿ ಹೇಳು.