ಒರಳುಕಲ್ಲು ಕೂತಿದ್ದ ಜಾಗ

ನಮ್ಮವರ ಹತ್ತಿರ ಒಂದು ಮೋಟಾರು ಸೈಕಲ್ಲಿತ್ತು. ಅದರ ಎಡಗಡೆಗೆ ಒಬ್ಬರು ಕೂರುವಂಥ ಒಂದು ಸೈಡ್‌ಕಾರು ಅಂಟಿಕೊಂಡಿತ್ತು. ಹೊಳೆನರಸೀಪುರದ ಜನ ಅದನ್ನು ತೊಟ್ಟಿಲು ಅನ್ನುತ್ತಿದ್ದರು. ನಾನು ಮದುವೆಯಾಗಿ ಆ ಮನೆಗೆ ಬಂದ ಮೂರನೇ ತಿಂಗಳಿಗೇ ಆ ಗಾಡಿಯನ್ನು ಕೊಟ್ಟು ಹೊಸದು ತರಲೇಬೇಕು ಎಂದು ಹಟ ಹಿಡಿದೆ. ಹೆದರಿಕೆ ಅಂತ ಎಲ್ಲರಿಗೂ ಹೇಳಿದೆ. ಈ ವಯಸ್ಸಿನಲ್ಲಿ ಸುಳ್ಳು ಯಾಕೆ, ಹೆದರಿಕೆಗಿಂತ ಹೊಟ್ಟೆಕಿಚ್ಚೇ ಜಾಸ್ತಿಯಿತ್ತು.

ನಮ್ಮವರು ಡಾಕ್ಟರು. ಪೇಟೆ ಬೀದಿಯಲ್ಲಿ ಅವರದೇ ಡಿಸ್ಪೆನ್ಸರಿ, ವಾರಕ್ಕೆರಡು ದಿನ ಅರಕಲಗೂಡು, ಉಳಿದಂತೆ ಕರೆ ಬಂದ ಹಳ್ಳಿಗಳು. ನಾನು ಅವರಿಗೆ ಎರಡನೆಯವಳು. ಚನ್ನರಾಯಪಟ್ಟಣದ ಬಡಮೇಷ್ಟರ ನಾಲ್ಕನೇ ಮಗಳಿಗೆ ಇನ್ನೆಂಥ ವರ ಸಿಕ್ಕೀತು? ‘ಎರಡನೇ ಸಂಬಂಧವಾದರೇನೇ, ಉಂಡು ಉಡೋಕೆ ಕೊರತೆಯಿಲ್ಲ’ ಎಂದು ಅಮ್ಮ ಸಮಾಧಾನ ಹೇಳಿ ಕಳಿಸಿದಳು. ಧಾರೆಯ ದಿನ ಮಾಂಗಲ್ಯದ ಜೊತೆಗೆ, ತೀರಿಹೋದವಳ ಹೆಸರಿನ ಸವತಿ ತಾಳಿಯನ್ನೂ ಕೊರಳಿಗೆ ಕಟ್ಟಿದರು. ಅವಳನ್ನು ನಾನು ಅಕ್ಕ ಅನ್ನಬೇಕು, ಹಬ್ಬದ ದಿನ ಮೊದಲ ಎಡೆ ಅವಳಿಗೆ. ಆಗಲಿ ಅಂದೆ. ಸತ್ತವಳ ಮೇಲೆ ನನಗೇನು ಜಗಳ? ನನ್ನ ಜಗಳವೆಲ್ಲ ಬದುಕಿದ್ದವರ ಜೊತೆ.

ಮನೆಯಲ್ಲಿ ಅವರದು ದಿನಕ್ಕೆ ನಾಲ್ಕೇ ಮಾತು. ‘ನೀರು.’ ‘ಸಾಕು.’ ‘ಬರ್ತೀನಿ.’ ‘ಮಲಕ್ಕೋ.’ ಬೈಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ, ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ಸಲ ಬೇಕೆಂದೇ ಉಪ್ಪಿಲ್ಲದ ಸಾರು ಬಡಿಸಿದೆ. ಕಮಕ್ ಕಿಮಕ್ ಅನ್ನದೆ ತಿಂದು ಕೈ ತೊಳೆದರು. ನನಗೆ ಅಳುವೇ ಬಂತು. ಗೋಡೆಯನ್ನು ಮದುವೆಯಾಗಿದ್ದರೆ ಒರಗಿಕೊಳ್ಳೋದಕ್ಕಾದರೂ ಆಗುತ್ತಿತ್ತು.

ಹೀಗಿರುವಾಗ ಒಂದು ದಿನ ಮೊಸಳೆ ಹೊಸಹಳ್ಳಿ ಕಡೆಯ ಮುದುಕಿಯೊಬ್ಬಳು ಡಿಸ್ಪೆನ್ಸರಿಯಲ್ಲಿ ಔಷಧಿ ತೆಗೆದುಕೊಂಡು, ನೀರು ಕೇಳಿಕೊಂಡು ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಚೊಂಬು ಕೊಟ್ಟೆ. ಅವಳು ಕುಡಿಯದೆ ನನ್ನ ಮುಖವನ್ನೇ ನೋಡುತ್ತ ನಿಂತಳು.

‘ನೀವ್ಯಾರವ್ವಾ?’

‘ಡಾಕ್ಟರ ಹೆಂಡತಿ.’

‘ಅಂಗಾದ್ರೆ ತೊಟ್ಲಾಗೆ ಕೂತ್ಕಂಡು ಓಯ್ತಾರಲ್ಲ, ಆ ಅವ್ವಾರು ಯಾರು?’

‘ಯಾರೂ ಇಲ್ವಲ್ಲಮ್ಮ. ಅವರೊಬ್ಬರೇ ಹೋಗೋದು.’

ಮುದುಕಿ ಬಾಯಿಗೆ ಸೆರಗು ಹಿಡಿದು ನಕ್ಕಳು. ‘ಏ, ಬುಡಿ ಅವ್ವಾ. ನಮ್ಮೂರ ಮುಂದ್ಲಿಂದ ಓಗುವಾಗ ನಾವು ನೋಡಾಕಿಲ್ವಾ? ತಲೆತುಂಬ ಕಂಬ್ಳಿ ಒದ್ಕಂಡು ಕೂತಿರ್ತಾರೆ. ಡಾಕ್ಟ್ರಪ್ಪ ಬಗ್ಗಿ ಬಗ್ಗಿ ಮಾತಾಡ್ಕಂಡು, ನಗಾಡ್ಕಂಡು ಬತ್ತಾರೆ. ಆ ಅವ್ವ ತಿರುಗಿ ನೋಡಿದ್ದನ್ನ ಮಾತ್ರ ನಾನು ಕಾಣೆ ಕಣವ್ವಾ.’

ಇಷ್ಟು ಹೇಳಿ ಗಟಗಟನೆ ನೀರು ಕುಡಿದು ಅವಳ ದಾರಿ ಹಿಡಿದಳು. ನಾನು ಅಲ್ಲೇ ನಿಂತೆ. ಬೇರೆ ಹೆಂಗಸಿದ್ದಾಳೆ ಅನ್ನುವುದಕ್ಕಿಂತ ‘ನಗಾಡ್ಕಂಡು’ ಅಂದದ್ದೇ ನನ್ನನ್ನು ಸುಟ್ಟಿತು. ಅವರ ಹಲ್ಲು ಹೇಗಿದೆ ಅಂತಲೇ ನಾನು ನೋಡಿರಲಿಲ್ಲ.

ಮಾರನೇ ದಿನ ಅವರು ಅರಕಲಗೂಡಿನಿಂದ ಬಂದು, ಊಟ ಮುಗಿಸಿ ನಡುಮನೆಯಲ್ಲಿ ಒರಗಿದರು. ನಾನು ಗಾಡಿ ನಿಲ್ಲಿಸುತ್ತಿದ್ದ ಕೊಟ್ಟಿಗೆಗೆ ಹೋದೆ. ಮಟಮಟ ಮಧ್ಯಾಹ್ನ. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಆರುತ್ತಿದ್ದ ಇಂಜಿನ್ನು ತನ್ನಷ್ಟಕ್ಕೆ ಟಿಕ್ ಟಿಕ್ ಅನ್ನುತ್ತಿತ್ತು. ತೊಟ್ಟಿಲಲ್ಲಿ ಯಾರೋ ಕೂತಿದ್ದರು. ನನಗೆ ಬೆನ್ನು ಮಾಡಿ, ತಲೆಯ ಮೇಲೆ ಕಂಬಳಿ ಎಳೆದುಕೊಂಡು, ಸ್ವಲ್ಪವೂ ಅಲುಗಾಡದೆ.

‘ಯಾರದು?’ ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ರಾಮ ರಾಮ ಅಂದುಕೊಂಡು ಹತ್ತಿರ ಹೋಗಿ ಕಂಬಳಿ ಸೆಳೆದೆ. ಒಳಗಿದ್ದದ್ದು ಕಲ್ಲು. ಬಿರುಕು ಬಿಟ್ಟ ಒಂದು ಒರಳುಕಲ್ಲು. ಅದರ ಮೇಲೆ ದಪ್ಪಗೆ ಅರಿಶಿನ ಕುಂಕುಮ, ಬಾಡಿದ ಸೇವಂತಿಗೆ. ಗುಳಿಯೊಳಗೆ ವೀಳ್ಯದೆಲೆ, ನಾಲ್ಕೈದು ಹಸಿರು ಬಳೆ. ಥತ್, ಕಲ್ಲಿಗೆ ಹೆದರಿದೆನಲ್ಲ ಎಂದು ಅದರ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ಮಲಗೆದ್ದವರ ಮೈಯಷ್ಟು ಬೆಚ್ಚಗೆ. ಬಿಸಿಲಲ್ಲಿ ಬಂದ ಕಲ್ಲು ಬೆಚ್ಚಗಿರದೆ ಇನ್ನೇನು ಎಂದು ನನಗೂ ಗೊತ್ತಿತ್ತು. ಕೈಗೆ ಗೊತ್ತಾಗಬೇಕಲ್ಲ! ಓಡಿದೆ, ಹೊಸ್ತಿಲು ಎಡವಿ ಬಿದ್ದೆ, ಮಂಡಿ ಕಿತ್ತುಹೋಯಿತು.

ಮಂಡಿಗೆ ಔಷಧಿ ಹಚ್ಚಿದವರು ನಮ್ಮ ಕಾಂಪೌಂಡರು, ಡಿಸ್ಪೆನ್ಸರಿಯ ಹಳೆಯ ಮನುಷ್ಯ. ಅವರನ್ನೇ ಹಿಡಿದು ಕೇಳಿದೆ.

‘ತೊಟ್ಟಿಲು ಖಾಲಿಯಿದ್ದರೆ ಎಡಗಡೆ ತಿರುವಿನಲ್ಲಿ ಮೇಲಕ್ಕೆದ್ದುಬಿಡುತ್ತೆ ತಾಯಿ, ಗಾಡಿ ಮಗುಚುತ್ತೆ. ಭಾರಕ್ಕೆ ಅಂತ ಆ ಕಲ್ಲು. ಅಲ್ಲಾಡದೆ ಇರಲಿ ಅಂತ ಕಂಬಳಿ.’

‘ಕುಂಕುಮ ಯಾಕೆ? ಬಳೆ ಯಾಕೆ?’

‘ಗಾಡಿ ನಿಂತ ಕಡೆ ಹಳ್ಳಿ ಹೆಂಗಸರು ಹಾಕ್ತಾರೆ. ಮೊದಲು ಯಾರೋ ಮುತ್ತೈದೆ ಅಂದ್ಕೊಂಡು ಕುಂಕುಮ ಇಡೋಕೆ ಬಂದರು. ಕಂಬಳಿ ತೆಗೆದು ಕಲ್ಲು ಅಂತ ಗೊತ್ತಾದ ಮೇಲಂತೂ ಇನ್ನೂ ಭಕ್ತಿಯಿಂದ ಕೈಮುಗಿದರು.’

‘ಸರಿ. ಇವರು ಅದರ ಜೊತೆ ಯಾಕೆ ಮಾತಾಡ್ತಾರೆ?’

ಕಾಂಪೌಂಡರು ಹತ್ತಿ ಕೆಳಗಿಟ್ಟು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಅಕ್ಕನಿಗೆ ಹೊಟ್ಟೆನೋವು ಬಂದಿತ್ತಂತೆ. ಎರಡು ದಿನ ನಮ್ಮವರೇ ಅಜೀರ್ಣ ಎಂದು ಮಿಕ್ಸ್ಚರ್ ಕೊಟ್ಟರಂತೆ. ಮೂರನೇ ದಿನ ಹೊಟ್ಟೆ ಹಲಗೆಯಂತಾದಾಗ ಗಾಬರಿಯಾಗಿ, ರೈಲಿನ ಹೊತ್ತಿಗೆ ಕಾಯದೆ, ಅವಳನ್ನು ತೊಟ್ಟಿಲಲ್ಲಿ ಕೂರಿಸಿ ಹಾಸನದ ಆಸ್ಪತ್ರೆಗೆ ಹೊರಟರು. ಅವಳಿಗೆ ಧೈರ್ಯವಿರಲಿ ಎಂದು ದಾರಿಯುದ್ದಕ್ಕೂ ಮಾತಾಡಿದರು. ಅವಳೂ ಮಾತಾಡುತ್ತಿದ್ದಳು. ಮೊಸಳೆ ಹೊಸಹಳ್ಳಿ ದಾಟಿದ ಮೇಲೆ ಸುಮ್ಮನಾದಳು. ನೋವು ಇಳಿದು ಜೊಂಪು ಹತ್ತಿರಬೇಕು ಎಂದುಕೊಂಡು ಇವರು ಮಾತಾಡುತ್ತಲೇ ಹೋದರು. ಆಸ್ಪತ್ರೆಯ ಮುಂದೆ ‘ಬಂತು, ಇಳಿ’ ಎಂದು ಕೈ ಹಿಡಿದರೆ ಕೈ ತಣ್ಣಗಿತ್ತು. ಪ್ರಾಣ ಹೋಗಿ ಅರ್ಧ ಗಂಟೆಯ ಮೇಲಾಗಿದೆ ಅಂದರಂತೆ ಅಲ್ಲಿಯ ಡಾಕ್ಟರು.

‘ಅವರು ಮೆಟ್ಟಿಲ ಮೇಲೆ ಕೂತು ಒಂದೇ ಮಾತು ಕೇಳಿದ್ರು ತಾಯಿ. ಹಾಗಾದ್ರೆ ಅರ್ಧ ಗಂಟೆ ನಾನು ಯಾರ ಜೊತೆ ಮಾತಾಡ್ತಾ ಬಂದೆ, ಅಂತ. ಆ ಒರಳು ತೀರಿಹೋದ ಅಮ್ಮನವರು ರುಬ್ಬುತ್ತಿದ್ದ ಒರಳು.’

ಅಯ್ಯೋ ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಹದಿನೆಂಟು ವರ್ಷದ ನನಗೆ ಅನ್ನಿಸಿದ್ದು ಇಷ್ಟೇ: ಕಲ್ಲಿಗೆ ಸಿಗುವ ಮಾತು ನನಗೆ ಸಿಗುತ್ತಿಲ್ಲ. ಆ ಗಾಡಿ ಮನೆಯಲ್ಲಿರುವ ತನಕ ನಾನು ಈ ಮನೆಯಲ್ಲಿ ಅಡುಗೆಯವಳು, ಅಷ್ಟೇ.

ದೇವರೇ ಕಳಿಸಿದ ಹಾಗೆ ಅದೇ ವಾರ ಹಾಸನದ ಮೋಟಾರು ಏಜೆಂಟ ಹೊಸ ಮಾದರಿಯ ಸೈಕಲ್ಲೇರಿ ನಮ್ಮ ಬಾಗಿಲಿಗೆ ಬಂದ. ಹಳೆಯದಕ್ಕೆ ಗೇರು ಕೈಯಲ್ಲಿ, ಇದಕ್ಕೆ ಕಾಲಲ್ಲಿ. ಅದಕ್ಕೆ ಗ್ಯಾಸಿನ ದೀಪ, ಇದಕ್ಕೆ ಕರೆಂಟಿನದು. ಹಿಂದೆ ಮೆತ್ತನೆಯ ಸೀಟು ಬೇರೆ. ‘ಹಳೇದನ್ನ ನನಗೆ ಕೊಟ್ಬುಡಿ ಸಾ, ಇದನ್ನ ತಗಳಿ. ಈಗಿನ ಕಾಲದಲ್ಲಿ ತೊಟ್ಲು ಯಾರು ಇಟ್ಕಂಡವ್ರೆ?’

ನಮ್ಮವರು ‘ನೋಡೋಣ’ ಅಂದರು.

ಬಾಗಿಲ ಸಂದಿಯಲ್ಲಿದ್ದ ನನಗೆ ಎಲ್ಲಿತ್ತೋ ಸಿಟ್ಟು, ಅನ್ಯರ ಎದುರಿಗೇ ಈಚೆ ಬಂದುಬಿಟ್ಟೆ. ‘ನೋಡೋದೇನಿದೆ? ಆ ಗಾಡಿ ಇಲ್ಲಿದ್ದರೆ ನಾನಿರಲ್ಲ. ಚನ್ನರಾಯಪಟ್ಟಣಕ್ಕೆ ಬಸ್ಸಿದೆ.’

ಅವರು ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು. ‘ಸರಿ, ಗುರುವಾರ ಹಾಸನಕ್ಕೆ ತಗೊಂಡು ಹೋಗಿ ಬದಲಾಯಿಸ್ಕೊಂಡು ಬರ್ತೀನಿ.’

‘ನಾನೂ ಬರ್ತೀನಿ.’ ದಾರಿಯಲ್ಲಿ ಮನಸ್ಸು ಬದಲಾಯಿಸಿಬಿಟ್ಟರೆ ಎಂದು ನನಗೆ ಅನುಮಾನ.

‘ಎಲ್ಲಿ ಕೂತ್ಕೋತೀಯ?’

‘ತೊಟ್ಟಿಲಲ್ಲಿ.’

ಅವರ ಮುಖ ಬಿಳುಚಿತು. ಆದರೆ ಬೇಡ ಅನ್ನಲಿಲ್ಲ.

ಗುರುವಾರ ಇಬ್ಬರು ಆಳುಗಳು ಒರಳನ್ನು ಎತ್ತಿ ಹಿತ್ತಿಲ ನುಗ್ಗೆಮರದ ಬುಡದಲ್ಲಿಟ್ಟರು. ಅದು ಕೂತು ಕೂತು ಸೀಟಿನಲ್ಲಿ ಹಳ್ಳ ಬಿದ್ದಿತ್ತು. ಕೂತರೆ ನನ್ನ ಅಳತೆಗೇ ತೋಡಿದ ಹಾಗಿತ್ತು. ಧೂಳಿಗೆ ಇರಲಿ ಎಂದು ನಮ್ಮವರು ಕಂಬಳಿ ಕೊಟ್ಟರು. ಬೇರೆ ದಾರಿಯಿಲ್ಲದೆ ತಲೆತುಂಬ ಹೊದ್ದೆ. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಗಾಡಿಯ ಸದ್ದಿಗೆ ಎದ್ದುನಿಂತು ನನ್ನ ಕಡೆ ತಿರುಗಿ ಕೈಮುಗಿದರು. ನಾನು ಕಣ್ಣು ಮಿಟುಕಿಸಲೂ ಹೆದರಿ ನೆಟ್ಟಗೆ ಕೂತೆ. ಕಲ್ಲು ತಿರುಗಿ ನೋಡಿತು ಅಂತ ಅವರು ಹೆದರಿ ಓಡಿಬಿಟ್ಟರೆ?

ಆ ಹೊಲಗಳನ್ನು ದಾಟಿದ್ದೇ ತಡ, ನಮ್ಮವರು ಮಾತು ಶುರುಮಾಡಿದರು. ಕಣ್ಣು ರಸ್ತೆಯ ಮೇಲೆ, ತಲೆ ಮಾತ್ರ ಎಡಕ್ಕೆ ವಾಲಿತ್ತು. ಇಂಜಿನ್ನಿನ ಗದ್ದಲದಲ್ಲಿ ಮೊದಲು ಗೊತ್ತಾಗಲಿಲ್ಲ. ಆಮೇಲೆ ಒಂದೊಂದೇ ಮಾತು ಬಿಡಿಸಿ ಕೇಳಿಸಿತು.

‘ಏನು ಮಾಡಲಿ ಹೇಳು. ಆ ಹುಡುಗಿ ಹಟ ಹಿಡೀತು, ಕೊಡ್ತಿದೀನಿ. ಕೋಪ ಮಾಡ್ಕೋಬೇಡ. ಒಳ್ಳೇ ಹುಡುಗಿ ಕಣೇ. ಅವತ್ತು ಉಪ್ಪಿಲ್ಲದ ಸಾರು ಹಾಕಿ ನನ್ನ ಮುಖಾನೇ ನೋಡ್ತಿತ್ತು, ನಗು ತಡೆಯೋಕಾಗಲಿಲ್ಲ, ಕೈ ತೊಳೆಯೋಕೆ ಎದ್ದುಹೋದೆ. ನಕ್ಕುಬಿಡಬೇಕಿತ್ತು ಅಂತೀಯಾ? ಭಯ ಕಣೇ. ಅವಳ ಜೊತೆ ಮಾತಿಗೆ ಕೂತರೆ, ಅವಳೂ ನಡುದಾರೀಲಿ ಸುಮ್ಮನಾಗಿಬಿಟ್ಟರೆ ನಾನು ಎಲ್ಲಿಗೆ ಹೋಗಲಿ?’

ಇದು ನನಗೆ ಹೇಳಿದ್ದಲ್ಲ, ನಾನು ಕದ್ದು ಕೇಳುತ್ತಿದ್ದೆ. ಉಸಿರಾಡಿದರೆ ಮಾತು ನಿಂತುಬಿಡುತ್ತದೆ ಎಂದು ಉಸಿರೂ ಹಿಡಿದೆ. ಮೊಸಳೆ ಹೊಸಹಳ್ಳಿ ಹಿಂದಕ್ಕೆ ಹೋಯಿತು.

‘ಕೇಳಿಸ್ತಾ?’ ಅಂದರು. ನಾನು ಮಾತಾಡಲಿಲ್ಲ.

‘ಕೇಳಿಸ್ತೇನೇ?’

ಗಾಡಿ ಗಕ್ಕನೆ ನಿಂತಿತು. ಇಂಜಿನ್ನು ನಿಂತ ಮೇಲೆ ಆ ಬಯಲಿನಲ್ಲಿ ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಅವರು ಇಳಿದು, ಸುತ್ತಿ ಬಂದು, ನನ್ನ ತಲೆಯಿಂದ ಕಂಬಳಿ ಸರಿಸಿ, ಕೈಯ ಹಿಂಭಾಗವನ್ನು ನನ್ನ ಮೂಗಿನ ಕೆಳಗೆ ಹಿಡಿದರು.

‘ಇದ್ದೀನಿ,’ ಅಂದೆ. ‘ಇದ್ದೀನಿ ಕಣ್ರೀ.’

ಅವರು ರಸ್ತೆಯ ಧೂಳಿನಲ್ಲೇ ಕೂತು ಅತ್ತರು. ಗಂಡಸು ಹಾಗೆ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಏನು ಮಾಡಬೇಕೋ ತೋಚದೆ ಅವರ ಹೆಗಲಿನ ಧೂಳು ಒರೆಸಿದೆ. ಎದ್ದು ಮುಖ ಒರೆಸಿಕೊಂಡು ಹೇಳಿದರು: ‘ಮಾತಾಡ್ತಾ ಇರು. ಮಾತು ಬರದಿದ್ರೆ ಹೂಂಗುಟ್ಟು. ಕಥೆ ಕೇಳೋ ಮಕ್ಕಳು ಹೂಂ ಅಂತಾರಲ್ಲ, ಹಾಗೆ. ಅಷ್ಟು ಸಾಕು ನನಗೆ.’

ಹಾಸನದ ತನಕ ಹೂಂಗುಟ್ಟಿದೆ. ಏಜೆಂಟ ಹೊಸ ಸೈಕಲ್ಲನ್ನು ಫಳಫಳ ಒರೆಸಿ, ಚೆಂಡುಹೂವಿನ ಹಾರ ಹಾಕಿ ನಿಲ್ಲಿಸಿದ್ದ. ‘ಇಂದ್ಗಡೆ ಒಂದ್ಸಲ ಕೂತ್ಕಂಡು ನೋಡಿ ತಾಯಿ.’ ಕೂತೆ. ಮುಂದೆ ಕೂತ ನಮ್ಮವರ ಕೋಟಿನ ಬೆನ್ನು ಬಿಟ್ಟರೆ ಇನ್ನೇನೂ ಕಾಣಲಿಲ್ಲ.

‘ಬೇಡ,’ ಅಂದೆ.

‘ಒಸಾದು ತಾಯಿ!’

‘ಹೊಸದನ್ನ ನೀವೇ ಇಟ್ಕೊಳ್ಳಿ. ಇಲ್ಲಿ ಕೂತರೆ ಇವರ ಮಾತು ಕೇಳಿಸಲ್ಲ.’

ನಮ್ಮವರು ನಕ್ಕರು. ಹಲ್ಲು ಸ್ವಲ್ಪ ಮುಂದಕ್ಕಿದ್ದವು, ಚೆನ್ನಾಗಿದ್ದವು.

ಅಲ್ಲಿಂದಾಚೆ ಅರಕಲಗೂಡಿರಲಿ, ಹಾಸನವಿರಲಿ, ತೊಟ್ಟಿಲಲ್ಲಿ ನಾನೇ. ಯಾವ ರೋಗಿ ಸುಳ್ಳು ಹೇಳಿದ, ಯಾವ ಮುದುಕ ಮಾತ್ರೆಯನ್ನು ಹಸುವಿಗೆ ತಿನ್ನಿಸಿದ, ಎಲ್ಲ ಕೇಳಿದೆ. ನಾನು ಹೂಂ ಅನ್ನುವುದು ನಾಲ್ಕು ಮಾತು ತಡವಾದರೆ ಗಾಡಿ ನಿಲ್ಲುತ್ತಿತ್ತು, ಕೈ ಮೂಗಿನ ಹತ್ತಿರ ಬರುತ್ತಿತ್ತು. ‘ಸತ್ತಿಲ್ಲ, ನಡೀರಿ’ ಎಂದು ಗದರುತ್ತಿದ್ದೆ. ಆ ಜಾಗವನ್ನು ಗೆದ್ದುಕೊಂಡೆ ಎಂದು ಒಳಗೊಳಗೇ ಬೀಗುತ್ತಿದ್ದೆ ಕೂಡ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ. ಮುಂದಿನ ಬೇಸಿಗೆ, ನನಗೆ ನಾಲ್ಕು ತಿಂಗಳು. ಹಾಸನದಲ್ಲಿ ಲೇಡಿ ಡಾಕ್ಟರಿಗೆ ತೋರಿಸಿಕೊಂಡು ಮಧ್ಯಾಹ್ನ ವಾಪಸ್ಸು ಬರುತ್ತಿದ್ದೆವು. ಬಿಸಿಲಿಗೆ ಕಣ್ಣು ಎಳೆಯುತ್ತಿತ್ತು, ಎಷ್ಟು ತಡೆದರೂ ಆಗಲಿಲ್ಲ. ಚಕ್ರ ಹಳ್ಳಕ್ಕೆ ಇಳಿದು ಎತ್ತಿಹಾಕಿದಾಗ ದಿಗ್ಗನೆ ಎಚ್ಚರವಾಯಿತು. ನೋಡಿದರೆ ನಮ್ಮೂರ ಕೆರೆ ಏರಿ. ಬಾಯಿ ಒಣಗಿ ತುಟಿಗೆ ತುಟಿ ಅಂಟಿಕೊಂಡಿತ್ತು. ನಮ್ಮವರು ಏನೋ ಹೇಳಿಕೊಂಡು ನಗುತ್ತ ಗಾಡಿ ಬಿಡುತ್ತಿದ್ದರು.

‘ಹೊಸಹಳ್ಳಿಗೆ ಮೊದಲೇ ನಿದ್ದೆ ಬಂದ್ಬಿಡ್ತು. ನೀವ್ಯಾಕೆ ಗಾಡಿ ನಿಲ್ಲಿಸಲಿಲ್ಲ?’

‘ನಿದ್ದೇನಾ? ದಾರಿಯುದ್ದಕ್ಕೂ ಹೂಂ ಹೂಂ ಅಂತಾನೇ ಇದ್ಯಲ್ಲೇ.’

‘ನಾನಾ?’

‘ಮತ್ತಿನ್ಯಾರು?’ ಎಂದು ನಗುತ್ತ ನನ್ನ ಕಡೆ ತಿರುಗಿದರು. ನನ್ನ ಮುಖ ನೋಡಿ ನಗು ನಿಂತಿತು. ಮತ್ತೆ ರಸ್ತೆಯ ಕಡೆ ತಿರುಗಿದರು.

ನಿದ್ದೆಗಣ್ಣಲ್ಲಿ ನಾನೇ ಹೂಂ ಅಂದಿರಬಹುದು. ರೂಢಿ ಅಂದರೆ ಹಾಗೆಯೇ. ಆದರೆ ಆ ಬಿಸಿಲಲ್ಲೂ ಮೈಯೆಲ್ಲ ತಣ್ಣಗಾಯಿತು. ಹಿಂದಿನ ವರ್ಷವಾಗಿದ್ದರೆ ಅಲ್ಲೇ ಇಳಿದು ಬಸ್ಸು ಹತ್ತುತ್ತಿದ್ದೆ. ಅವತ್ತು ಹೆದರಿಕೆಯ ಹಿಂದೆಯೇ ಇನ್ನೊಂದು ಯೋಚನೆ ಬಂತು: ನಾನು ಕಣ್ಣು ಮುಚ್ಚಿದಷ್ಟು ಹೊತ್ತೂ ಇವರು ಗಾಬರಿ ಬೀಳಲಿಲ್ಲವಲ್ಲ.

ಕಂಬಳಿ ಎತ್ತಿಕೊಂಡು, ಸೆರಗು ಒತ್ತರಿಸಿಕೊಂಡು, ಇನ್ನೊಬ್ಬರಿಗೆ ಜಾಗವಾಗುವಷ್ಟು ಸೀಟಿನ ಒಂದು ಪಕ್ಕಕ್ಕೆ ಸರಿದು ಕೂತೆ.